ಮತ್ತೆ ಸ್ಟಿಕ್ ಹಿಡಿದೆ, ಎಲ್ಲರಿಗೂ ನಮಸ್ಕಾರ

ಶನಿವಾರ ಸಂಘದ ರಾಜ್ಯೋತ್ಸವದಲ್ಲಿ ನಾನು ಡ್ರಮ್ಸ್ ಮುಂದೆ ಕೂತಿದ್ದನ್ನು ನೋಡಿ ತುಂಬಾ ಜನ ಫೋನ್ ಮಾಡಿದಿರಿ, ಮೆಸೇಜ್ ಹಾಕಿದಿರಿ. ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆಯಲು ಬಲಗೈ ಇನ್ನೂ ಒಪ್ಪುತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲೇ ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗೆ: ಕಳೆದ ಚಳಿಗಾಲದಲ್ಲಿ ಟೊರಾಂಟೋ ಪಕ್ಕದ ಮಿಸಿಸಾಗಾದ ನಮ್ಮ ಮನೆ ಮುಂದೆಯೇ ಐಸ್ ಮೇಲೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿ ಜೋಡಿಸಿದರು. ಮೂಳೆ ಕೂಡಿತು, ಆದರೆ ಮಣಿಕಟ್ಟು ತಿರುಗಲೊಲ್ಲದು. ಅನ್ನ ಕಲಸುವುದೇ ಕಷ್ಟವಾಗಿದ್ದಾಗ ಹೈಹ್ಯಾಟ್ (ಡ್ರಮ್ಸ್ ಪಕ್ಕದ ಜೋಡಿ ತಾಳದ ತಟ್ಟೆ) ಮಾತೆಲ್ಲಿ? ಆಪರೇಷನ್ ಮಾಡಿದ ಡಾಕ್ಟರಿಗೆ ಮೊದಲ ನಮಸ್ಕಾರ. ನನ್ನ ಕೈಗೆ ಜಿಗುಟು ಮುದ್ದೆ ಕೊಟ್ಟು ವಾರಗಟ್ಟಲೆ ಹಿಸುಕಿಸಿ, ಒಂದು ದಿನ ತಾನಾಗಿಯೇ "ನಾಳೆ ಸ್ಟಿಕ್ ತಂದುಬಿಡಿ" ಅಂದ ಫಿಸಿಯೋಥೆರಪಿಸ್ಟ್‌ಗೆ ಎರಡನೆಯದು. ಶರ್ಟಿನ ಗುಂಡಿ ಹಾಕಿ, ಚಪಾತಿ ಹರಿದುಕೊಟ್ಟು, ಬೇಸ್‌ಮೆಂಟಿನಿಂದ ತಿಂಗಳುಗಟ್ಟಲೆ ಕೇಳಿಬಂದ ಒಂದೇ ತಾಳವನ್ನು ಸಹಿಸಿಕೊಂಡ ನನ್ನಾಕೆಗೆ ಎಷ್ಟು ಹೇಳಿದರೂ ಸಾಲದು.

ಇನ್ನು ಮೂವರಿಗೆ ಹೇಳುವುದಿದೆ. ಇದನ್ನು ಅವರು ಓದುವುದಿಲ್ಲ, ಒಬ್ಬರಂತೂ ಬದುಕಿಯೇ ಇಲ್ಲ. ಗೆಡ್ಡಿ ಲೀ, ಅಲೆಕ್ಸ್ ಲೈಫ್‌ಸನ್, ನೀಲ್ ಪಿಯರ್ಟ್: ನಮ್ಮ ಟೊರಾಂಟೋದ ರಷ್ ಎಂಬ ರಾಕ್ ಬ್ಯಾಂಡಿನವರು. ನಾನು ಬರೀ ಸಿನಿಮಾ ಹಾಡಿಗೆ ಬಾರಿಸುವವನು ಅಂದುಕೊಂಡಿದ್ದವರಿಗೆ ಇದು ಹೊಸ ಸುದ್ದಿ ಇರಬಹುದು.

ಸ್ಟಿಕ್ ಕೈಗೆ ಬಂದ ಮೊದಲ ವಾರ ನಾನು ಕೈಹಾಕಿದ್ದು ಅವರ 'ವೈವೈಝಡ್' ಹಾಡಿಗೆ. ಇಲ್ಲಿನ ಪಿಯರ್ಸನ್ ವಿಮಾನ ನಿಲ್ದಾಣದ ಮೂರಕ್ಷರದ ಸಂಕೇತ ಅದು. ಅದರ ಮೋರ್ಸ್ ಸದ್ದನ್ನೇ, ಅಂದರೆ ತಂತಿ ಸಂದೇಶದ ಗಿಡ್ಡ-ಉದ್ದ ಬೀಪ್‌ಗಳನ್ನೇ, ಹತ್ತರ ಲೆಕ್ಕದ ತಾಳ ಮಾಡಿ 1981ರಲ್ಲಿ ಹಾಡಿನ ಶುರುವಿಗೆ ಇಟ್ಟರು. ಎರಡು ಸಲ 'ತಕತಕಿಟ' ಹೇಳಿಕೊಂಡರೆ ಬಾಯಿಗೇನೋ ಬರುತ್ತದೆ. ಕೈಗೆ ಬರಲಿಲ್ಲ. ನಾಲ್ಕು ಆವರ್ತದೊಳಗೆ ಬೆರಳು ಸಡಿಲಾಗಿ ಸ್ಟಿಕ್ ವಾಷಿಂಗ್ ಮೆಷಿನ್ ಹಿಂದೆ ಹೋಗಿ ಬಿತ್ತು.

ಆಗ ಸಿಕ್ಕಿದ್ದು 'ಫೀಡ್‌ಬ್ಯಾಕ್'. ಬ್ಯಾಂಡಿಗೆ ಮೂವತ್ತು ತುಂಬಿದ ನೆಪದಲ್ಲಿ, 2004ರಲ್ಲಿ, ಇದೇ ಟೊರಾಂಟೋದ ಫೇಸ್ ಒನ್ ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್. ಇಪ್ಪತ್ತೇಳು ನಿಮಿಷ, ಎಂಟು ಹಾಡು, ಒಂದೂ ಅವರ ಸ್ವಂತದ್ದಲ್ಲ. ಯಾರ್ಡ್‌ಬರ್ಡ್ಸ್, ದಿ ಹೂ, ಬಫಲೋ ಸ್ಪ್ರಿಂಗ್‌ಫೀಲ್ಡ್, ಲವ್, ಹೀಗೆ ತಾವು ಹುಡುಗರಾಗಿದ್ದಾಗ ಕೇಳಿ ಬೆಳೆದ ಬ್ಯಾಂಡುಗಳ ಹಾಡುಗಳು. 1976ರಲ್ಲೇ ಇಪ್ಪತ್ತು ನಿಮಿಷದ ಒಂದೇ ಹಾಡನ್ನು ರೆಕಾರ್ಡಿನ ಒಂದು ಮಗ್ಗುಲಿಗೆಲ್ಲ ಹಾಸಿದ್ದ ಈ ಜನ, ಐವತ್ತು ದಾಟಿದ ಮೇಲೆ ಮೂರು ಮೂರೂವರೆ ನಿಮಿಷದ ಹಾಡಿಗೆ ಬಂದು ಕೂತರು. ನಮ್ಮಲ್ಲಾದರೆ 'ಆರ್ಕೆಸ್ಟ್ರಾ ಮಾಡ್ತಿದಾರಾ' ಅಂತ ಮೂಗು ಮುರಿಯುತ್ತಿದ್ದರು. ಅಭಿಮಾನಿಗಳಲ್ಲೂ ಇದನ್ನು ಟೈಂಪಾಸ್ ಅನ್ನುವವರಿದ್ದಾರೆ. ಅದರಲ್ಲಿನ 'ಕ್ರಾಸ್‌ರೋಡ್ಸ್' ಕ್ರೀಮ್ ಬ್ಯಾಂಡಿನವರ ಪಾಲಿಗೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೂ ಅನ್ನಿಸುತ್ತದೆ. ಆದರೆ 'ಸಮ್ಮರ್‌ಟೈಮ್ ಬ್ಲೂಸ್' ಹಾಕಿ ಕೇಳಿ. ಎಡ್ಡಿ ಕಾಕ್ರನ್ 1958ರಲ್ಲಿ ಹಾಡಿದ್ದನ್ನು ಬ್ಲೂ ಚೀರ್, ದಿ ಹೂ ಎರಡೂ ಗುಂಪು ತಮ್ಮ ಕಾಲದಲ್ಲಿ ಬಡಿದು ಹಿಗ್ಗಿಸಿದ್ದವು. ಇವರು ಮತ್ತೆ ಬಡಿಯುವಾಗ ಮೂವರಿಗೂ ಮೀಸೆ ಮೂಡಿಲ್ಲವೇನೋ ಅನ್ನುವ ಹುಮ್ಮಸ್ಸು.

ನನ್ನ ಕೈಗೆ ಒಗ್ಗಿದ್ದು ಅದೇ ಆಲ್ಬಮ್ಮಿನ 'ಫಾರ್ ವಾಟ್ ಇಟ್ಸ್ ವರ್ತ್'. ನಿಧಾನದ ಹಾಡು, ಅವಸರವಿಲ್ಲ. ಎಡಗೈಗೆ ಸ್ನೇರ್ (ಎದುರಿಗಿರುವ ಚಿಕ್ಕ ಡ್ರಮ್), ಬಲಗೈ ಹೈಹ್ಯಾಟ್ ಮೇಲೆ ಸುಮ್ಮನೆ ಎಂಟೆಂಟು ಏಟು. ತೋಳಿನಿಂದ ಹೊಡೆಯದೆ ಮಣಿಕಟ್ಟು ತಾನೇ ಏಳುವವರೆಗೂ ಅದೊಂದನ್ನೇ ಬಾರಿಸಿದೆ.

ಪಿಯರ್ಟ್‌ನ ನೆನಪು ಇಲ್ಲಿ ಬಹಳ ಬಂತು. ಜಗತ್ತೇ ದೊಡ್ಡ ಡ್ರಮ್ಮರ್ ಅನ್ನುತ್ತಿದ್ದಾಗ, ನಲವತ್ತು ದಾಟಿದ ಮೇಲೆ, ಫ್ರೆಡ್ಡಿ ಗ್ರೂಬರ್ ಎಂಬ ಮೇಷ್ಟ್ರ ಹತ್ತಿರ ಹೋಗಿ ಸ್ಟಿಕ್ ಹಿಡಿಯುವುದನ್ನೇ ಮತ್ತೆ ಕಲಿತ ಮನುಷ್ಯ. 1997ರಲ್ಲಿ ಮಗಳು ಹೋದಳು, ಮರುವರ್ಷ ಹೆಂಡತಿ. ಬೈಕ್ ಹತ್ತಿ ಸುಮಾರು 88,000 ಕಿ.ಮೀ. ಅಲೆದ. 2002ರಲ್ಲಿ ಹೊಸ ಆಲ್ಬಮ್ ಬಂತು, ಆಮೇಲೆ ಬಂದದ್ದೇ ಈ 'ಫೀಡ್‌ಬ್ಯಾಕ್'. ಅದರ ಮುಂದೆ ನನ್ನ ಮಣಿಕಟ್ಟು ಯಾವ ಲೆಕ್ಕ? ಆದರೂ ಕತ್ತಲಾದ ಮೇಲೆ ಬೇಸ್‌ಮೆಂಟಿನಲ್ಲಿ ಒಬ್ಬನೇ ಕೂತಿರುವಾಗ ಆ ಏಟು ಕೇಳಿ ಧೈರ್ಯ ಬರುತ್ತಿತ್ತು. 2020ರ ಜನವರಿಯಲ್ಲಿ ಮೆದುಳಿನ ಕ್ಯಾನ್ಸರ್ ಆ ಮನುಷ್ಯನನ್ನೂ ಕರೆದುಕೊಂಡು ಹೋಯಿತು. ಥ್ಯಾಂಕ್ಸ್ ಹೇಳುವುದಕ್ಕೆ ತಡವಾಯಿತು, ಆದರೂ ಹೇಳುತ್ತಿದ್ದೇನೆ.

ಕೊನೆಗೆ ನಮ್ಮ ಸಂಘದ ಆರ್ಕೆಸ್ಟ್ರಾ ಗೆಳೆಯರಿಗೆ. ನನ್ನ ಜಾಗಕ್ಕೆ ಬೇರೆಯವರನ್ನು ಕರೆಯದೆ ಇಷ್ಟು ದಿನ ರಿದಮ್ ಪ್ಯಾಡಿನಲ್ಲಿ ಸುಧಾರಿಸಿದಿರಿ, ಶನಿವಾರವೂ ಬೇಕೆಂದೇ ನಿಧಾನದ ಹಾಡುಗಳನ್ನು ಆರಿಸಿದಿರಿ. ನನಗೆ ಹೇಳಲಿಲ್ಲ, ಆದರೆ ಪಟ್ಟಿ ನೋಡಿದಾಗಲೇ ಗೊತ್ತಾಯಿತು. ಯುಗಾದಿಗೆ ಆ ರಿಯಾಯಿತಿ ಬೇಡ. ನಮ್ಮ ಗಿಟಾರಿಸ್ಟ್ ಮಹಾಶಯರೇ, 'ಫೀಡ್‌ಬ್ಯಾಕ್'ನ 'ಸೆವೆನ್ ಆಂಡ್ ಸೆವೆನ್ ಈಸ್' ಕಲಿತಿಡಿ. ಸ್ನೇರ್ ಮೇಲೆ ಉಸಿರು ಬಿಡದ ಹಾಗೆ ಬಡಿಯುವ ಹಾಡು ಅದು, ನನಗೆ ಇನ್ನೂ ಅರ್ಧ ವೇಗದಲ್ಲಷ್ಟೇ ಬರುತ್ತದೆ. ಸಂಘದ ಹಿರಿಯರು ಒಪ್ಪದಿದ್ದರೆ ನಮ್ಮ ಬೇಸ್‌ಮೆಂಟ್ ಇದ್ದೇ ಇದೆ, ಕಾಫಿ ನನ್ನದು.