ಕಾರು ಒಂದು ಬದಿಗೆ ಎಳೆದರೆ ಮೊದಲು ಟೈರು ನೋಡಿ

ಮಾನ್ಯ ಸಂಪಾದಕರೇ,

ಹಬ್ಬಕ್ಕೆಂದು ಬೆಳಗಾವಿ, ಹುಬ್ಬಳ್ಳಿಗಳತ್ತ ಕಾರಿನಲ್ಲೇ ಹೊರಡುವ ಪುಣೆಯ ಕನ್ನಡಿಗರು ಅನೇಕರಿದ್ದಾರೆ. ಕಾರು ಒಂದು ಬದಿಗೆ ಎಳೆಯುತ್ತದೆ ಎಂದೊಡನೆ ಗಾಳಿಯನ್ನೂ ಅಳೆಯದೆ, ಚಕ್ರಗಳ ಕೋನ ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಮಾಡಿಸುವುದು ಸರಿಯಾದ ಕ್ರಮವಲ್ಲ.

ನೀರು ಹರಿದುಹೋಗಲೆಂದು ರಸ್ತೆಯನ್ನು ಅಂಚಿನತ್ತ ಇಳಿಜಾರಾಗಿಯೇ ನಿರ್ಮಿಸುವುದರಿಂದ ಎಡಕ್ಕೆ ತುಸು ವಾಲುವುದು ದೋಷವಲ್ಲ. ಎಳೆತ ಅದಕ್ಕಿಂತ ಹೆಚ್ಚಿದ್ದರೆ, ಟೈರು ತಣ್ಣಗಿರುವಾಗ ಗಾಳಿ ನೋಡಬೇಕು. ಮುಂದಿನ ಚಕ್ರಗಳಲ್ಲಿ ಗಾಳಿ ಕಡಿಮೆಯಿರುವ ಕಡೆಗೇ ಕಾರು ವಾಲುತ್ತದೆ. ಗಾಳಿ ಸಮವಿದ್ದೂ ಎಳೆತ ನಿಲ್ಲದಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಿಸಿ ಓಡಿಸಬೇಕು (ತಿರುಗುವ ದಿಕ್ಕಿನ ಬಾಣವಿರುವ ಟೈರುಗಳಿಗೆ ಇದು ಸಲ್ಲದು). ಎಳೆತವೂ ಬದಿ ಬದಲಿಸಿದರೆ ದೋಷ ಟೈರಿನದು.

ಬ್ರೇಕ್ ಒತ್ತಿದಾಗ ಎಳೆಯುವ ಕಾರನ್ನು ಮಾತ್ರ ತಪಾಸಣೆಯಿಲ್ಲದೆ ಪುಣೆ-ಸಾತಾರಾ ಹೆದ್ದಾರಿಯ ಖಂಬಾಟ್ಕಿ ಘಾಟಿಗೆ ಒಯ್ಯಲೇಬಾರದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರವನ್ನು ಮುಟ್ಟದೆ ಸಮೀಪದಲ್ಲಿ ಅಂಗೈ ಹಿಡಿದಾಗ ಒಂದು ಕಡೆ ಮಾತ್ರ ಹೆಚ್ಚು ಕಾವು ತಟ್ಟಿದರೆ, ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲವೆಂದು ಶಂಕಿಸಬೇಕು.

ಇವೆಲ್ಲ ಸರಿಯಿದ್ದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಹಾಗೂ ನಂತರದ ಅಳತೆಯ ಮುದ್ರಿತ ಚೀಟಿಯನ್ನು ಕೇಳಿ ಪಡೆಯಬೇಕು. ಅದರಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಒಂದನ್ನೇ ಅಲ್ಲ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಓರೆ) ಮತ್ತು ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗಿಸುವ ಸ್ಟೀರಿಂಗ್ ಅಕ್ಷದ ಓರೆ) ಇವುಗಳ ಎಡ-ಬಲ ವ್ಯತ್ಯಾಸವನ್ನೂ ಪರಿಶೀಲಿಸಬೇಕು.

— ಓರ್ವ ಓದುಗ, ಪಿಂಪ್ರಿ, ಪುಣೆ