ಸೊಳ್ಳೆ ಗಿಡದ ತಟ್ಟೆಯಲ್ಲೇ ಸೊಳ್ಳೆ ಮರಿ

ಮಾನ್ಯ ಸಂಪಾದಕರೇ,

ಸೊಳ್ಳೆ ಓಡಿಸುವ ಗಿಡಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ತುಳಸಿ, ಪುದೀನ, ಚೆಂಡು ಹೂವು, ಮಜ್ಜಿಗೆ ಹುಲ್ಲು (ಲೆಮನ್ ಗ್ರಾಸ್) ಇವನ್ನೆಲ್ಲ ಕಿಟಕಿ ಪಕ್ಕ ಇಟ್ಟರೆ ಸೊಳ್ಳೆ ಹತ್ತಿರ ಸುಳಿಯಲ್ಲ ಅಂತ ಅದರಲ್ಲಿತ್ತು. ಹೋದ ವರ್ಷ ನಾನೂ ಹೀಗೇ ನಂಬಿದ್ದೆ. ನರ್ಸರಿಯಲ್ಲಿ ‘ಸೊಳ್ಳೆ ಗಿಡ’ ಅಂತ ಒಂದನ್ನು ಕೊಟ್ಟರು, ಎಲೆ ಮುಟ್ಟಿದರೆ ನಿಂಬೆಹಣ್ಣಿನ ವಾಸನೆ, 150 ರೂಪಾಯಿ. ಮಲಗುವ ಕೋಣೆಯ ಕಿಟಕಿಯಲ್ಲಿಟ್ಟೆ. ಗೋಡೆಗೆ ನೀರು ಇಳಿಯಬಾರದಲ್ವಾ, ಅದಕ್ಕೆ ಕುಂಡದ ಕೆಳಗೊಂದು ಪ್ಲಾಸ್ಟಿಕ್ ತಟ್ಟೆ.

ಮಳೆ ಹಿಡಿದ ಮೇಲೆ ಆಶಾ ಕಾರ್ಯಕರ್ತೆ ಲಾರ್ವಾ ಸಮೀಕ್ಷೆಗೆ, ಅಂದರೆ ನೀರಿನಲ್ಲಿ ಸೊಳ್ಳೆ ಮರಿ ಇದೆಯಾ ಅಂತ ನೋಡಲು, ಬಂದರು. ತೊಟ್ಟಿ, ಡ್ರಮ್ಮು, ಫ್ರಿಜ್ ಹಿಂದಿನ ಟ್ರೇ ಎಲ್ಲ ನೋಡಿದರು, ಎಲ್ಲೂ ಏನೂ ಇಲ್ಲ, ನನಗೆ ಒಳಗೊಳಗೇ ಹೆಮ್ಮೆ. ಕೊನೆಗೆ ಆ ಕುಂಡ ಎತ್ತಿ ತಟ್ಟೆಗೆ ಟಾರ್ಚ್ ಬಿಟ್ಟವರು “ಬನ್ನಿ ಅಕ್ಕಾ, ನೋಡಿ” ಅಂದರು. ಮರಿಗಳು ನೀರಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದವು, ತಟ್ಟೆ ಅಲುಗಿದ್ದೇ ತಡ ಎಲ್ಲ ತಳಕ್ಕೆ ಇಳಿದವು. ಸೊಳ್ಳೆ ಓಡಿಸಲಿ ಅಂತ ತಂದ ಗಿಡದ ಬುಡದಲ್ಲೇ ಸೊಳ್ಳೆಗೆ ಬಾಣಂತನ ಮಾಡುತ್ತಿದ್ದೆ ನಾನು!

ಗಿಡದಲ್ಲಿ ಗುಣ ಇಲ್ಲ ಅಂತ ಹೇಳುತ್ತಿಲ್ಲ. ಆದರೆ ಸೊಳ್ಳೆ ಓಡಿಸುವ ಎಣ್ಣೆ ಎಲೆಯೊಳಗೇ ಕೂತಿರುತ್ತದೆ, ಜಜ್ಜಬೇಕು, ಹಿಂಡಬೇಕು, ಇಲ್ಲ ಸುಡಬೇಕು. ನಮ್ಮಜ್ಜಿ ಬೇಲಿಯ ಲಕ್ಕಿ ಗಿಡ ನೋಡುತ್ತಾ ಕೂತವಳಲ್ಲ. ಸಂಜೆಯಾದರೆ ಸೊಪ್ಪು ತರಿದು ಹಸಿಯಾಗೇ ಕೆಂಡದ ಮೇಲೆ ಹಾಕಿ ಕೊಟ್ಟಿಗೆಗೆ ಹೊಗೆ ಕೊಡುತ್ತಿದ್ದಳು, ಸೊಳ್ಳೆಗಿಂತ ಮೊದಲು ಮಕ್ಕಳು ನಾವೇ ಓಡುತ್ತಿದ್ದೆವು. (ಉಬ್ಬಸ ಇರುವವರ ಮನೆಯಲ್ಲಿ ಇದು ಬೇಡ.) ಸೊಳ್ಳೆ ಬತ್ತಿಯೂ ಮೊದಲು ಸೇವಂತಿಗೆ ಜಾತಿಯ ಒಂದು ಹೂವನ್ನು ಒಣಗಿಸಿ, ಪುಡಿ ಮಾಡಿ ಮಾಡಿದ್ದು. ಬತ್ತಿಯಲ್ಲಿ ಆ ಹೂವನ್ನೂ ಸುಟ್ಟರೇ ಕೆಲಸ. ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಕೈಕಾಲಿಗೆ ಹಚ್ಚಿದರೆ ಸ್ವಲ್ಪ ಹೊತ್ತು ಪರವಾಗಿಲ್ಲ, ಬೇಗ ಆರಿಹೋಗುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ಜಾಸ್ತಿ ನಮ್ಮ ಮನೆಯ ತಿಳಿ ನೀರಿನಲ್ಲೇ ಹುಟ್ಟುವುದು, ಹಗಲಲ್ಲೇ ಕಚ್ಚುವುದು, ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದೂ ಕಡಿಮೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಸುಮಾರು ವಾರ, ಹತ್ತು ದಿನ ಸಾಕು. ತಟ್ಟೆ ಬಗ್ಗಿಸಿ ನೀರು ಚೆಲ್ಲಿದರೆ ಮುಗಿಯಿತು ಅಂದುಕೊಂಡಿದ್ದೆ, ಅದೂ ತಪ್ಪು. ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಅಂಟಿಸಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಬಿದ್ದಿದ್ದರೂ ನೀರು ತಾಗಿದಾಗ ಮರಿಯಾಗುತ್ತದೆ. ವಾರಕ್ಕೊಮ್ಮೆ ನಾರು ಹಾಕಿ ಉಜ್ಜಲೇಬೇಕು.

ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ಕಂಡುಹಿಡಿದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನಾ ವೈದ್ಯರಾಗಿದ್ದರು. ನಿಂತ ನೀರು ಸಿಗದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಅನ್ನುವುದು ಅವರಿಗೆ ಹೊಳೆದದ್ದೂ ಅಲ್ಲಿಯೇ. ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿಕೊಂಡ ಮನೆಗೆ ನಗರದಲ್ಲಾದರೆ 400 ರೂಪಾಯಿ ದಂಡ ಇಟ್ಟಿತು. ಗಿಡದ 150ಕ್ಕೆ ಇದನ್ನೂ ಸೇರಿಸಿಕೊಳ್ಳಿ, ನನ್ನ ಪುಣ್ಯ, ಅವತ್ತು ಬೈಗುಳದಲ್ಲೇ ಮುಗಿಯಿತು.

ಮುಂದಿನ ಸಲ ಇಂಥ ಬರಹ ಹಾಕುವಾಗ ಕುಂಡದ ತಟ್ಟೆಯ ಬಗ್ಗೆಯೂ ಎರಡು ಸಾಲು ಸೇರಿಸಿ. ನಮ್ಮನೆ ತಟ್ಟೆಗೆ ಈಗ ಮರಳು ತುಂಬಿದ್ದೇನೆ. ಮಜ್ಜಿಗೆ ಹುಲ್ಲನ್ನು ಟೀಗೆ ಹಾಕುತ್ತಿದ್ದೇವೆ, ಚೆನ್ನಾಗಿದೆ.

– ನಿಮ್ಮ ಓದುಗಿ, ಶಿವಮೊಗ್ಗ