ಬಾಗಿಲು ಹೊತ್ತು ತಿರುಗಿದವನು

ಪ್ರಿಯ ಗೆಳತಿ,

ನೀನು ಕಳಿಸಿದ ಮೂರು ಅಧ್ಯಾಯಗಳನ್ನೂ ಎರಡೆರಡು ಸಲ ಓದಿದೆ. ನಾಯಕಿಗೆ ಬೆಳ್ಳಿ ಕಣ್ಣು, ಮೈಯಲ್ಲಿ ಅರ್ಧ ದೇವತೆಯ ರಕ್ತ, ಹಿಂದೆ ಸುಟ್ಟುಹೋದ ಊರು, ಸೊಂಟದಲ್ಲಿ ಮಾತಾಡುವ ಕತ್ತಿ. ಇಷ್ಟೆಲ್ಲ ಇದ್ದೂ ಹಾಳೆ ಮಡಿಚಿಟ್ಟ ಮೇಲೆ ನನ್ನ ತಲೆಯಲ್ಲಿ ಉಳಿದವಳು ಅವಳಲ್ಲ. ಎರಡನೇ ಅಧ್ಯಾಯದಲ್ಲಿ ನಾಲ್ಕೇ ಸಾಲಿಗೆ ಬಂದುಹೋಗುವ ಕಾವಲುಗಾರ ಉಳಿದ. ಸುಂಕದ ನಾಣ್ಯ ಎಣಿಸುತ್ತ ಏಳಕ್ಕೆ ಬಂದಕೂಡಲೇ ತಪ್ಪುತ್ತಾನಲ್ಲ, ಅವನು.

ಯಾಕೆ ಹೀಗೆ ಎಂದು ಯೋಚಿಸುತ್ತ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಹಳೇ ಕ್ಯಾರೆಕ್ಟರ್ ಶೀಟುಗಳ (ಪಾತ್ರದ ವಿವರ ಬರೆದಿಟ್ಟ ಹಾಳೆಗಳ) ಕಟ್ಟು ಬಿಚ್ಚಿ ಕೂತೆ. ಫ್ಯಾಂಟಸಿ ಬರೆಯುತ್ತೀಯ, ಆದರೆ ಈ ಆಟ ಆಡಿಲ್ಲ ಅಂದಿದ್ದೆ. ಮೇಜಿನ ಸುತ್ತ ನಾಲ್ಕೈದು ಜನ. ಒಬ್ಬರು ಡಂಜನ್ ಮಾಸ್ಟರ್. ಲೋಕವನ್ನೂ ಅಲ್ಲಿನ ರಾಕ್ಷಸರನ್ನೂ ನಡೆಸುವವರು. ಉಳಿದವರದ್ದು ಒಂದೊಂದು ಪಾತ್ರ. ಏನು ಮಾಡುತ್ತೇನೆ ಎಂದು ನಾನು ಹೇಳುತ್ತೇನೆ, ಅದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ, 1974ರಲ್ಲಿ ಹೊರಬಂದ ಇದರ ಮೊದಲ ಆವೃತ್ತಿಯಲ್ಲಿ ಪಾತ್ರಕ್ಕೆ ಆರು ಗುಣಗಳಿದ್ದವು: ಬಲ, ಬುದ್ಧಿ, ವಿವೇಕ, ತಾಳಿಕೆ, ಚುರುಕು, ವರ್ಚಸ್ಸು. ಒಂದೊಂದಕ್ಕೂ ಆರು ಮುಖದ ಮೂರು ದಾಳ ಉರುಳಿಸಿ ಕೂಡಿಸಬೇಕು. ದಾಳಗಳು 216 ಬಗೆಯಲ್ಲಿ ಬೀಳಬಹುದು. 18 ಬರುವುದು ಒಂದೇ ಬಗೆಯಲ್ಲಿ, 3 ಬರುವುದೂ ಒಂದೇ ಬಗೆಯಲ್ಲಿ. ನಮ್ಮ ಮೇಜಿನಲ್ಲಿ 18 ಬಿದ್ದಾಗ ಕೇಕೆ ಹಾಕಿದ್ದು ನೆನಪಿದೆ, ಆ ಪಾತ್ರ ಯಾವುದು ಅನ್ನುವುದು ಮರೆತುಹೋಗಿದೆ.

3 ಬಿದ್ದದ್ದು ಮರೆತಿಲ್ಲ. ಬಲ 3 ಇದ್ದ ಒಬ್ಬ ಮಾಂತ್ರಿಕ. ನಿಯಮದ ಪ್ರಕಾರ ಅವನು ತನ್ನ ಮಂತ್ರದ ಪುಸ್ತಕ ಹೊರಬಹುದಿತ್ತು, ಆದರೆ ಆಡುತ್ತಿದ್ದವಳು ‘ಆಗಲ್ಲ’ ಅಂದಳು. ಪುಸ್ತಕ ಹೊರಲು ಒಬ್ಬ ಹುಡುಗನನ್ನು ಕೂಲಿಗೆ ಇಟ್ಟುಕೊಂಡಳು. ಹುಡುಗನ ಹೆಸರೇನು ಎಂದು ಕೇಳಿದಾಗ ಮಾಸ್ಟರ್ ತಡವರಿಸಿದರು, ಸಿದ್ಧ ಮಾಡಿಕೊಂಡಿರಲಿಲ್ಲ. ‘ಅವನು ಹೆಸರು ಹೇಳಲ್ಲ’ ಎಂದು ಜಾರಿಕೊಂಡರು. ಅಷ್ಟೇ. ಮುಂದಿನ ಎಂಟು ತಿಂಗಳು ನಾವು ಡ್ರ್ಯಾಗನ್ನನ್ನು ಬಿಟ್ಟು ಆ ಹುಡುಗನ ಹೆಸರಿನ ಹಿಂದೆ ಬಿದ್ದೆವು.

ಆದರೆ ಕಟ್ಟಿನಲ್ಲಿ ನಾನು ಹುಡುಕಿದ್ದು ಬಾಗಿಲಿನವನ ಶೀಟನ್ನು. ವಿವೇಕ 4ರ ಒಬ್ಬ ಯೋಧ. ಮೊದಲನೇ ಡಂಜನ್ನಿನ, ಅಂದರೆ ರಾಕ್ಷಸರಿರುವ ನೆಲಮಾಳಿಗೆಯ, ಮೊದಲನೇ ಬಾಗಿಲಿಗೆ ಬೀಗವಿತ್ತು. ಮುರಿಯಲು ಇಪ್ಪತ್ತು ಮುಖದ ದಾಳ ಉರುಳಿಸಿದ, 20 ಬಿತ್ತು. ‘ಬಾಗಿಲು ಕೀಲುಸಮೇತ ಕಿತ್ತು ನಿನ್ನ ಕೈಗೆ ಬಂತು’ ಅಂದರು ಮಾಸ್ಟರ್. ‘ಹಾಗಾದರೆ ತಗೊಂಡು ಹೋಗ್ತೀನಿ’ ಅಂದ. ತಮಾಷೆಗೆ ಅಂದದ್ದು, ಆದರೆ ಮುಂದಿನ ವಾರವೂ ಬಾಗಿಲು ಅವನ ಬೆನ್ನ ಮೇಲಿತ್ತು. ಅದು ಗುರಾಣಿಯಾಯಿತು, ಬಿರುಕಿಗೆ ಸೇತುವೆಯಾಯಿತು, ಗಾಯಾಳುವಿಗೆ ಮಂಚವಾಯಿತು. ಇಕ್ಕಟ್ಟಿನ ಸುರಂಗಗಳಲ್ಲಿ ಬರೀ ತಲೆನೋವಾಯಿತು. ಒಂದು ಸಲವಂತೂ ಬಾಗಿಲು ತೂರಲಿಲ್ಲವೆಂದು ಇಡೀ ಗುಂಪು ಹಿಂದಿರುಗಿ ಬೇರೆ ದಾರಿ ಹಿಡಿಯಿತು. ಅವನ ಹಿಂದಿನ ಕಥೆ ಏನು? ನಮಗೂ ಗೊತ್ತಿಲ್ಲ, ಅವನಿಗೂ ಗೊತ್ತಿರಲಿಲ್ಲ. ಕೊನೆಗೆ ಅವನು ಸತ್ತಾಗ ಸಮಾಧಿಯ ಮೇಲೆ ಆ ಬಾಗಿಲನ್ನು ನೆಟ್ಟಗೆ ನಿಲ್ಲಿಸಿದೆವು. ಮಾಂತ್ರಿಕ ಹೊರಡುವ ಮುಂಚೆ ಅದನ್ನು ಎರಡು ಸಲ ತಟ್ಟಿದ. ಮೇಜಿನಲ್ಲಿ ಯಾರೂ ನಗಲಿಲ್ಲ.

ಅದೇ ಗುಂಪಿನಲ್ಲಿ ನನ್ನದೂ ಒಂದು ಪಾತ್ರವಿತ್ತು. ಗಡಿಪಾರಾದ ಎಲ್ಫ್ (ಚೂಪು ಕಿವಿಯ ಮಾಯಾಜನ) ರಾಜಕುಮಾರ, ಹನ್ನೊಂದು ಪುಟದ ಪೂರ್ವಕಥೆ, ಮೂರು ತಲೆಮಾರಿನ ವಂಶವೃಕ್ಷ. ಮೊದಲನೇ ರಾತ್ರಿಯೇ ಇಲಿ ಕಚ್ಚಿ ಸತ್ತ. ಅವನ ತಂದೆ ಯಾರೆಂದು ಒಬ್ಬರೂ ಕೇಳಲಿಲ್ಲ. (ಆ ಹನ್ನೊಂದು ಪುಟ ಇನ್ನೂ ಇಟ್ಟಿದ್ದೇನೆ. ಬರವಣಿಗೆ ಕೆಟ್ಟದ್ದೇನಲ್ಲ.)

ಈ ಆಟ ಹುಟ್ಟಿದ ಕಾಲದಲ್ಲೂ ಹೀಗೆಯೇ ನಡೆದಿತ್ತು. ಗೈಗ್ಯಾಕ್ಸ್ ಅವರ ಮಗನ ಪಾತ್ರವೊಂದರ ಹೆಸರು ಮೆಲ್ಫ್; ಶೀಟಿನಲ್ಲಿ ಗಂಡು ಎಂಬುದಕ್ಕೆ ‘ಎಂ’, ಪಕ್ಕದಲ್ಲಿ ‘ಎಲ್ಫ್’ ಎಂದಿದ್ದದ್ದೇ ಕೂಡಿಕೊಂಡು ಹೆಸರಾಯಿತು. ಆಮೇಲೆ ಆ ಹೆಸರಿನಲ್ಲೊಂದು ಆಸಿಡ್ ಬಾಣದ ಮಂತ್ರವೇ ಬಂತು, ಇವತ್ತಿಗೂ ಜನ ಅದನ್ನು ಬಳಸುತ್ತಾರೆ. ಆರ್ನೆಸನ್ ಅವರ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬರ ಪಾತ್ರ ಸರ್ ಫ್ಯಾಂಗ್ ಎಂಬ ರಕ್ತಪಿಶಾಚಿಯಾಗಿ ಯಾರಿಗೂ ಬಗ್ಗದಷ್ಟು ಬೆಳೆಯಿತು. ಅವನನ್ನು ತಡೆಯಲೆಂದು ಪಿಶಾಚಿ ಓಡಿಸುವ ಒಬ್ಬ ಪಾದ್ರಿಯನ್ನು ತಂದರು. ಕ್ಲೆರಿಕ್ ಎಂಬ ಪಾತ್ರವರ್ಗ ಹುಟ್ಟಿದ್ದು ಹಾಗೆ. ಕಾಟ ಕೊಟ್ಟ ಒಂದು ಪಾತ್ರಕ್ಕಾಗಿ ಆಟದ ನಿಯಮವೇ ಬದಲಾಯಿತು ಅನ್ನುವುದು ನನಗೆ ಬಹಳ ಹಿಡಿಸುತ್ತದೆ.

ನಿನ್ನ ನಾಯಕಿಯ ತೊಂದರೆ ಇಲ್ಲೇ ಇದೆ ಅನ್ನಿಸುತ್ತದೆ. ಅವಳ ವಿಚಿತ್ರವೆಲ್ಲ ಹುಟ್ಟಿನಿಂದಲೇ ಬಂದದ್ದು. ಕಥೆಯೊಳಗೆ ಅವಳು ಯಾರಿಗೂ ಕಾಟ ಕೊಟ್ಟಿಲ್ಲ, ಅವಳಿಂದಾಗಿ ಯಾರೂ ದಾರಿ ಬದಲಿಸಿಲ್ಲ. ಕೊಂಬು, ರೆಕ್ಕೆ, ಬೆಳ್ಳಿ ಕಣ್ಣು ಇವೆಲ್ಲ ವೇಷ. ಬಾಗಿಲಿನವನು ಮನುಷ್ಯಜಾತಿಯವನೇ, ಮುಖ ಹೇಗಿತ್ತೆಂದು ಕೇಳಿದರೆ ನಮ್ಮಲ್ಲಿ ಐದು ಜನ ಐದು ಥರ ಹೇಳುತ್ತೇವೆ.

ಇನ್ನೊಂದು ಮಾತು, ಇದು ಸ್ವಲ್ಪ ಕಟುವಾದದ್ದು. ಆಟ ಆಡಿದವರೆಲ್ಲ ತಮ್ಮ ಪಾತ್ರದ ಪರಾಕ್ರಮ ಹೇಳತೊಡಗಿದರೆ ಕೇಳುವವರು ಆಕಳಿಸುತ್ತಾರೆ, ನಾನೂ ಆಕಳಿಸಿದ್ದೇನೆ. ಬಾಗಿಲಿನವನ ಕಥೆಯನ್ನು ಆಕಳಿಕೆ ಬಾರದಂತೆ ಹೇಳಲು ನನಗೆ ವರ್ಷಗಳೇ ಹಿಡಿದವು. ಎಷ್ಟು ಗೋಬ್ಲಿನ್‌ಗಳನ್ನು ಕೊಂದ ಅನ್ನುವುದನ್ನೆಲ್ಲ ಬಿಟ್ಟೆ. ಸುರಂಗದ ಬಾಯಲ್ಲಿ ಬಾಗಿಲನ್ನು ಅಡ್ಡ ಉದ್ದ ತಿರುಗಿಸಿ ನೋಡುತ್ತ ನಿಂತವನನ್ನು, ಹಿಂದೆ ಪಂಜು ಹಿಡಿದು ಕಾಯುತ್ತಿದ್ದ ನಮ್ಮ ಸಿಡಿಮಿಡಿಯನ್ನು ಇಟ್ಟುಕೊಂಡೆ.

ಮೊದಲ ಅಧ್ಯಾಯ ತೆಗೆದುಬಿಡು. ಊರು ಸುಟ್ಟದ್ದು ಬೇಕಾದಾಗ ತಾನಾಗಿ ಬರುತ್ತದೆ. ಕಾವಲುಗಾರ ಏಳಕ್ಕೇ ಯಾಕೆ ತಪ್ಪುತ್ತಾನೆ ಎಂದು ದಯವಿಟ್ಟು ಎಲ್ಲೂ ವಿವರಿಸಬೇಡ. ನಾಲ್ಕನೇ ಅಧ್ಯಾಯದಲ್ಲಿ ನಾಯಕಿ ಮಳೆಯಲ್ಲಿ ನೆನೆದು ಅವನ ಗೇಟಿಗೆ ವಾಪಸು ಬರಲಿ, ಬೆನ್ನಟ್ಟಿದವರು ಹತ್ತಿರದಲ್ಲೇ ಇರಲಿ. ಸುಂಕ ಎಂಟು ನಾಣ್ಯ, ಅವಳ ಹತ್ತಿರ ಇರುವುದು ಏಳು. ಅವನು ಎಣಿಸಲು ಶುರು ಮಾಡಲಿ. ಬಿಡುತ್ತಾನೋ ಇಲ್ಲವೋ ನನಗೂ ಗೊತ್ತಿಲ್ಲ. ನಿನಗೂ ತೋಚದಿದ್ದರೆ ದಾಳ ಉರುಳಿಸು, ಬಿದ್ದದ್ದನ್ನು ಬರೆದು ಕಳಿಸು.